ಇಂಗ್ಲಿಷ್ ಬಂಧುವಾಚಕಗಳಿಗೆ ಕನ್ನಡ ಪದಗಳ ಆಯ್ಕೆ

ಇಂಗ್ಲಿಷಿನ 'ಅಂಕಲ್', 'ಆಂಟಿ', 'ಕಸಿನ್', 'ನೆಫ್ಯೂ', 'ನೀಸ್', 'ಬ್ರದರ್-ಇನ್-ಲಾ', 'ಸಿಸ್ಟರ್-ಇನ್-ಲಾ' ಮುಂತಾದ ದಿನಬಳಕೆಯ ನಾಮಪದಗಳಿಗೆ ಕನ್ನಡದಲ್ಲಿ ಒಂದಕ್ಕೊಂದು ಎಂಬಂತೆ ಸಮಾನ ಪದಗಳಿಲ್ಲ. ಇಂಗ್ಲಿಷಿನ ಒಂದು ಪದದ ಎದುರು ಕನ್ನಡದಲ್ಲಿ ಮೂರರಿಂದ ಆರರವರೆಗೆ ಪದಗಳು ನಿಲ್ಲುತ್ತವೆ. ಸಂಬಂಧವು ತಂದೆಯ ಕಡೆಯದೋ ತಾಯಿಯ ಕಡೆಯದೋ, ವಯಸ್ಸಿನಲ್ಲಿ ಹಿರಿಯರೋ ಕಿರಿಯರೋ, ನಡುವೆ ಇರುವವರು ಅಣ್ಣತಮ್ಮಂದಿರೋ ಅಣ್ಣತಂಗಿಯರೋ, ಮಾತನಾಡುತ್ತಿರುವವರು ಗಂಡಸೋ ಹೆಂಗಸೋ ಎಂಬುದನ್ನು ತಿಳಿಯದೆ ಸರಿಯಾದ ಪದವನ್ನು ಆರಿಸಲಾಗದು. ಈ ಲೇಖನವು ಆ ಆಯ್ಕೆಯ ಕ್ರಮವನ್ನು ವಿವರಿಸುತ್ತದೆ. ಗ್ರಾಂಥಿಕ ಕನ್ನಡದ ಪದಗಳ ಜೊತೆಗೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಬಳಕೆಯಲ್ಲಿರುವ ಪದಗಳನ್ನೂ ಇಲ್ಲಿ ಕೊಡಲಾಗಿದೆ. ಈ ಭಾಗದ ವಿದ್ಯಾರ್ಥಿಗಳು ಮನೆಯಲ್ಲಿ ಆಡುವ ಪದ, ಪಠ್ಯಪುಸ್ತಕದ ಪದ ಮತ್ತು ಇಂಗ್ಲಿಷ್ ಪದ ಎಂಬ ಮೂರನ್ನೂ ಹೊಂದಿಸಿಕೊಳ್ಳಬೇಕಾಗಿರುವುದರಿಂದ ತೊಡಕು ಇಲ್ಲಿ ಹೆಚ್ಚು.

ಅಂಕಲ್

ಮಹಾಭಾರತವನ್ನು ಇಂಗ್ಲಿಷಿನಲ್ಲಿ ಹೇಳುವಾಗ ಧೃತರಾಷ್ಟ್ರ, ವಿದುರ, ಶಕುನಿ, ಕೃಷ್ಣ ಈ ನಾಲ್ವರೂ ಯಾರಾದರೊಬ್ಬರಿಗೆ 'ಅಂಕಲ್' ಆಗುತ್ತಾರೆ. ಕನ್ನಡದಲ್ಲಿ ಹಾಗಾಗದು. ಪಾಂಡವರಿಗೆ ಧೃತರಾಷ್ಟ್ರನು ದೊಡ್ಡಪ್ಪ, ವಿದುರನು ಚಿಕ್ಕಪ್ಪ. ಕೌರವರಿಗೆ ಶಕುನಿಯೂ ಅಭಿಮನ್ಯುವಿಗೆ ಕೃಷ್ಣನೂ ಸೋದರಮಾವಂದಿರು. ಶಕುನಿಯನ್ನು ದುರ್ಯೋಧನನ ಚಿಕ್ಕಪ್ಪನೆಂದು ಬರೆದರೆ ಕತೆಯ ನಂಟೇ ತಿರುವುಮುರುವಾಗುತ್ತದೆ. ಆತನು ಗಾಂಧಾರಿಯ ತವರಿನವನು, ಕುರುವಂಶದವನಲ್ಲ ಎಂಬ ಮುಖ್ಯ ಸಂಗತಿ 'ಮಾವ' ಎಂಬ ಒಂದೇ ಪದದಲ್ಲಿ ಅಡಗಿದೆ.

ತಂದೆಯ ಅಣ್ಣ ದೊಡ್ಡಪ್ಪ, ತಂದೆಯ ತಮ್ಮ ಚಿಕ್ಕಪ್ಪ. ತಾಯಿಯ ಅಕ್ಕನ ಗಂಡನೂ ದೊಡ್ಡಪ್ಪನೇ, ತಾಯಿಯ ತಂಗಿಯ ಗಂಡನೂ ಚಿಕ್ಕಪ್ಪನೇ. ತಾಯಿಯ ಅಣ್ಣತಮ್ಮಂದಿರು ಸೋದರಮಾವಂದಿರು. ಸಾಮಾನ್ಯವಾಗಿ 'ಮಾವ' ಎಂದಷ್ಟೇ ಕರೆಯಲಾಗುತ್ತದೆ. ತಂದೆಯ ಅಕ್ಕತಂಗಿಯರ ಗಂಡಂದಿರೂ ಮಾವಂದಿರೇ. ಹೆಂಡತಿಯ ತಂದೆ ಮತ್ತು ಗಂಡನ ತಂದೆಯೂ ಮಾವಂದಿರು. ಈ ಮೂವರಿಗೆ ಒಂದೇ ಪದವೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸೋದರಮಾವನ ಮಗಳನ್ನೋ ಸೋದರತ್ತೆಯ ಮಗಳನ್ನೋ ಮದುವೆಯಾಗುವ ಪದ್ಧತಿಯಿರುವ ಸಮಾಜದಲ್ಲಿ ತಾಯಿಯ ಸೋದರನು ಮುಂದೆ ಹೆಣ್ಣು ಕೊಡುವ ಮಾವನೂ ಆಗಬಲ್ಲನು. ಭಾಷೆಯು ಆ ಸಾಧ್ಯತೆಯನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದೆ.

ಇಂಗ್ಲಿಷಿನ 'ಅಂಕಲ್' ಬಂಧುತ್ವವಿಲ್ಲದೆಯೂ ಬರುತ್ತದೆ. 1852ರಲ್ಲಿ ಪುಸ್ತಕವಾಗಿ ಪ್ರಕಟವಾದ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' ಕಾದಂಬರಿಯ ಟಾಮ್ ಯಾರ ಚಿಕ್ಕಪ್ಪನೂ ಅಲ್ಲ. ವಯಸ್ಸಾದ ಗುಲಾಮನನ್ನು ಕರೆಯುತ್ತಿದ್ದ ರೀತಿ ಅದು. ಇಂತಲ್ಲಿ ಪದಕ್ಕೆ ಪದ ಇಡುವ ಬದಲು, ನಮ್ಮ ಊರಿನಲ್ಲಿ ಅಂಥ ವ್ಯಕ್ತಿಯನ್ನು ಹೇಗೆ ಕರೆಯುತ್ತಾರೆ ಎಂದು ಯೋಚಿಸುವುದು ಒಳಿತು. ಜಮಖಂಡಿಯ ಸಂತೆಯಲ್ಲಿ ಪರಿಚಯವಿಲ್ಲದ ನಡುವಯಸ್ಸಿನವರನ್ನು 'ಕಾಕಾ' ಎಂದೂ ಮುದುಕರನ್ನು 'ಮುತ್ಯಾ' ಎಂದೂ ಕರೆಯುವುದು ವಾಡಿಕೆ. ಅಪರಿಚಿತರನ್ನು 'ಮಾವ' ಎಂದರೆ ಮಾತಿಗೆ ಸಲಿಗೆಯ, ಕೆಲವೊಮ್ಮೆ ಗೇಲಿಯ ಬಣ್ಣ ಬರುತ್ತದೆ. ಗೆಳೆಯರು ಪರಸ್ಪರ 'ಮಾವಾ', 'ಅಳಿಯಾ' ಎಂದು ಕರೆದುಕೊಳ್ಳುವುದರ ಹಿಂದೆ ಇರುವುದೂ ಈ ಸಲಿಗೆಯೇ.

ಆಂಟಿ

ತಾಯಿಯ ಅಕ್ಕ ದೊಡ್ಡಮ್ಮ, ತಂಗಿ ಚಿಕ್ಕಮ್ಮ. ದೊಡ್ಡಪ್ಪನ ಹೆಂಡತಿಯೂ ದೊಡ್ಡಮ್ಮ, ಚಿಕ್ಕಪ್ಪನ ಹೆಂಡತಿಯೂ ಚಿಕ್ಕಮ್ಮ. ತಂದೆಯ ಅಕ್ಕತಂಗಿಯರು ಸೋದರತ್ತೆಯರು, ಸೋದರಮಾವನ ಹೆಂಡತಿಯೂ ಅತ್ತೆ. ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆಯೇ. 'ಚಿಕ್ಕಮ್ಮ' ಎಂಬಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ತಂದೆಯ ಎರಡನೆಯ ಹೆಂಡತಿಯನ್ನೂ ಚಿಕ್ಕಮ್ಮ, ಚಿಕ್ಕತಾಯಿ ಎಂದು ಕರೆಯುವುದುಂಟು. ಆದ್ದರಿಂದ ಕನ್ನಡ ಕತೆಯೊಂದನ್ನು ಇಂಗ್ಲಿಷಿಗೆ ತರುವಾಗ 'ಚಿಕ್ಕಮ್ಮ' ಕಂಡೊಡನೆ 'ಆಂಟಿ' ಎಂದು ಬರೆಯದೆ, ಆಕೆ ಮಲತಾಯಿಯೇ ಎಂದು ನೋಡಿಕೊಳ್ಳಬೇಕು.

ಕಸಿನ್

ಅತಿ ಹೆಚ್ಚು ತಪ್ಪುಗಳಾಗುವುದು ಈ ಪದದಲ್ಲಿ. ಪತ್ರಿಕೆಗಳಲ್ಲಿಯೂ ಯಂತ್ರಾನುವಾದಗಳಲ್ಲಿಯೂ ಇದಕ್ಕೆ 'ಸೋದರಸಂಬಂಧಿ' ಎಂಬ ಪದ ರೂಢಿಯಾಗಿದೆ. ಸುದ್ದಿಯಲ್ಲಿ ಸಂಬಂಧದ ವಿವರ ತಿಳಿಯದಿದ್ದಾಗ ಅದು ಅನಿವಾರ್ಯವಿರಬಹುದು. ಕತೆಯಲ್ಲಿ, ಪತ್ರದಲ್ಲಿ, ಮಾತಿನಲ್ಲಿ ಅದು ಯಾರ ಬಾಯಲ್ಲೂ ಬಾರದ ಪದ. 'ಇವನು ನನ್ನ ಸೋದರಸಂಬಂಧಿ' ಎಂದು ಮುಧೋಳದ ಯಾವ ಮನೆಯಲ್ಲಿಯೂ ಪರಿಚಯ ಮಾಡಿಸುವುದಿಲ್ಲ. 'ನಮ್ಮ ದೊಡ್ಡಪ್ಪನ ಮಗ', 'ನಮ್ಮ ಸೋದರಮಾವನ ಮಗಳು' ಎನ್ನುತ್ತಾರೆ.

ಕನ್ನಡದಲ್ಲಿ ಕಸಿನ್‌ಗಳು ಎರಡು ಗುಂಪಾಗಿ ಒಡೆಯುತ್ತಾರೆ. ಇಬ್ಬರು ಅಣ್ಣತಮ್ಮಂದಿರ ಮಕ್ಕಳು ಅಥವಾ ಇಬ್ಬರು ಅಕ್ಕತಂಗಿಯರ ಮಕ್ಕಳು ತಮ್ಮತಮ್ಮಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ ಆಗುತ್ತಾರೆ. ಅವರ ನಡುವೆ ಮದುವೆಯ ಮಾತೇ ಏಳುವುದಿಲ್ಲ. ಅಣ್ಣನ ಮಕ್ಕಳು ಮತ್ತು ತಂಗಿಯ ಮಕ್ಕಳು, ಅಂದರೆ ಸೋದರಮಾವನ ಮತ್ತು ಸೋದರತ್ತೆಯ ಮಕ್ಕಳು, ಇನ್ನೊಂದು ಗುಂಪು. ಇವರು ಒಬ್ಬರಿಗೊಬ್ಬರು ಭಾವ, ಮೈದುನ, ಅತ್ತಿಗೆ, ನಾದಿನಿ ಎಂಬ ವರಸೆಯವರು. ಇವರ ನಡುವೆ ಮದುವೆ ಸಾಧ್ಯ. ಹಲವು ಸಮುದಾಯಗಳಲ್ಲಿ ಹಿಂದೆ ಅದು ಅಪೇಕ್ಷಿತವೂ ಆಗಿತ್ತು. ಅರ್ಜುನನು ಸುಭದ್ರೆಯನ್ನು ವರಿಸಿದ್ದು ಇಂಥ ಸಂಬಂಧವೇ: ಆಕೆ ಕುಂತಿಯ ಸೋದರನಾದ ವಸುದೇವನ ಮಗಳು. ಇಂಗ್ಲಿಷಿನಲ್ಲಿ ಕೃಷ್ಣಾರ್ಜುನರು ಮೊದಲು ಕಸಿನ್, ಮದುವೆಯ ನಂತರ ಬ್ರದರ್-ಇನ್-ಲಾ. ಕನ್ನಡದ ಕಾವ್ಯಗಳಲ್ಲಿ 'ಮೈದುನ' ಎಂಬ ಪದವು ಎರಡನ್ನೂ ಹಿಡಿದಿಡುತ್ತದೆ. ಇಂದಿನ ಆಡುಮಾತಿನಲ್ಲಿ ಮೈದುನ ಎಂದರೆ ಗಂಡನ ತಮ್ಮ ಎಂದಷ್ಟೇ ಅರ್ಥ ಕಿರಿದಾಗಿರುವುದರಿಂದ, ಹಳೆಯ ಕಾವ್ಯ ಓದುವ ವಿದ್ಯಾರ್ಥಿಗಳು ಇಲ್ಲಿ ಎಡವುತ್ತಾರೆ.

ಮೊದಲ ಗುಂಪಿನಲ್ಲಿ ಅಣ್ಣನೋ ತಮ್ಮನೋ ಎಂಬುದನ್ನು ತಂದೆಯರ ವಯಸ್ಸು ನಿರ್ಧರಿಸುವುದಿಲ್ಲ, ಮಕ್ಕಳ ವಯಸ್ಸು ನಿರ್ಧರಿಸುತ್ತದೆ. ಚಿಕ್ಕಪ್ಪನ ಮಗ ನನಗಿಂತ ಮೊದಲು ಹುಟ್ಟಿದ್ದರೆ ಅವನು ನನಗೆ ಅಣ್ಣ. ದುರ್ಯೋಧನ ಮತ್ತು ಭೀಮರಂಥ ಅಣ್ಣತಮ್ಮಂದಿರ ಮಕ್ಕಳಿಗೆ ಆಸ್ತಿಯ ದೃಷ್ಟಿಯಿಂದ 'ದಾಯಾದಿ' ಎಂಬ ಪದವಿದೆ. ಮುಧೋಳದ ಕವಿಯೆಂದು ಹೆಸರಾದ, 10ನೆಯ ಶತಮಾನದ ರನ್ನನ 'ಗದಾಯುದ್ಧ'ದ ವಸ್ತುವೇ ದಾಯಾದಿಗಳ ಕಾಳಗ. ದಾಯಾದಿ ಎಂಬುದನ್ನು 'ಕಸಿನ್' ಎಂದು ಇಂಗ್ಲಿಷಿಗೆ ತಂದರೆ ಪಾಲು ಮತ್ತು ಮತ್ಸರ ಎರಡೂ ಕಳೆದುಹೋಗುತ್ತವೆ.

ಇಂಗ್ಲಿಷ್ ಕಾದಂಬರಿಗಳನ್ನು ಕನ್ನಡದಲ್ಲಿ ಹೇಳುವಾಗ ಈ ಭೇದ ಎಷ್ಟು ಮುಖ್ಯ ಎಂಬುದಕ್ಕೆ ಮೂರು ಉದಾಹರಣೆಗಳು ಸಾಕು. ಷಾರ್ಲಟ್ ಬ್ರಾಂಟೆಯ 'ಜೇನ್ ಐರ್' (1847) ಕಾದಂಬರಿಯಲ್ಲಿ ಸೇಂಟ್ ಜಾನ್ ರಿವರ್ಸ್ ಎಂಬ ಪಾದ್ರಿಯು ಜೇನ್‌ಳ ಕಸಿನ್ ಎಂದು ತಿಳಿಯುತ್ತದೆ. ನಂತರ ಆತನು ಆಕೆಯನ್ನು ಮದುವೆಯಾಗಲು ಕೇಳುತ್ತಾನೆ. ಆತನ ತಾಯಿ ಜೇನ್‌ಳ ತಂದೆಯ ಸೋದರಿ. ಹಾಗಾಗಿ ಆತನು ಸೋದರತ್ತೆಯ ಮಗ, ಕನ್ನಡದ ಲೆಕ್ಕದಲ್ಲಿ ವರಸೆಯವನೇ. ಅನುವಾದಕರು ಅವಸರದಲ್ಲಿ 'ಅಣ್ಣ' ಎಂದು ಬರೆದುಬಿಟ್ಟರೆ ಆ ಪ್ರಸ್ತಾಪವನ್ನು ಓದುವ ಕನ್ನಡಿಗರಿಗೆ ಅಸಹ್ಯವಾಗುತ್ತದೆ. ಜೇನ್ ಆತನನ್ನು ಅಣ್ಣನಂತೆ ಕಾಣುತ್ತಾಳೆ ಎಂಬುದು ಕತೆಯಲ್ಲಿ ಬೇರೆಯೇ ಆದ ಒಂದು ಸಂಗತಿ. ಬಂಧುವಾಚಕವಾಗಿಯೂ ಅದೇ ಪದವನ್ನು ಹಾಕಿದರೆ ಆ ಮಾತಿಗೆ ತೂಕವೇ ಉಳಿಯದು. ಇದೇ ಕಾದಂಬರಿಯ ಆರಂಭದಲ್ಲಿ ಜೇನ್‌ಳನ್ನು ಸಾಕುವ ಶ್ರೀಮತಿ ರೀಡ್ ಆಕೆಯ ತಾಯಿಯ ಸೋದರನ ಹೆಂಡತಿ. ಆಕೆ ಅತ್ತೆ, ಚಿಕ್ಕಮ್ಮನೆಂದು ಬರೆಯುವುದು ತಪ್ಪು.

ಎಮಿಲಿ ಬ್ರಾಂಟೆಯ 'ವುದರಿಂಗ್ ಹೈಟ್ಸ್' (1847) ಇನ್ನೂ ಕುತೂಹಲಕರವಾಗಿದೆ. ಅಲ್ಲಿ ಕಿರಿಯ ಕ್ಯಾಥಿಯು ಮೊದಲು ಸೋದರತ್ತೆ ಇಸಬೆಲ್ಲಾಳ ಮಗನನ್ನು ಮದುವೆಯಾಗುತ್ತಾಳೆ. ಆತನು ಸತ್ತ ಮೇಲೆ ಸೋದರಮಾವ ಹಿಂಡ್ಲಿಯ ಮಗ ಹೇರ್ಟನ್‌ನೊಡನೆ ಆಕೆಯ ಮದುವೆ ನಿಶ್ಚಯವಾಗುತ್ತದೆ. ಎರಡೂ ಸಂಬಂಧಗಳು ಕನ್ನಡದ ಓದುಗರಿಗೆ ಪರಿಚಿತ. ಇದಕ್ಕೆ ವಿರುದ್ಧವಾದುದು ಜೇನ್ ಆಸ್ಟೆನ್‌ಳ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' (1814). ಅದರ ನಾಯಕಿ ಫ್ಯಾನಿ ಕೊನೆಗೆ ಮದುವೆಯಾಗುವ ಎಡ್ಮಂಡ್ ಆಕೆಯ ತಾಯಿಯ ಅಕ್ಕನ ಮಗ. ಕನ್ನಡದಲ್ಲಿ ಅವನು ದೊಡ್ಡಮ್ಮನ ಮಗ, ಅಂದರೆ ಅಣ್ಣ. ಇಂಗ್ಲೆಂಡಿನಲ್ಲಿ ಇದಕ್ಕೆ ಆಕ್ಷೇಪವಿರಲಿಲ್ಲ. ಅಲ್ಲಿ ಕಸಿನ್ ಎಂಬುದು ಒಂದೇ ವರ್ಗ. ಇಂಥ ಕಡೆ ಅನುವಾದಕರು ಸಂಬಂಧವನ್ನು ಮರೆಮಾಚಬಾರದು, ಹಾಗೆಂದು ಎಡ್ಮಂಡ್‌ನನ್ನು ಸೋದರಮಾವನ ಮಗನನ್ನಾಗಿ ಬದಲಿಸಲೂಬಾರದು. 'ದೊಡ್ಡಮ್ಮನ ಮಗ' ಎಂದು ಬಿಡಿಸಿ ಬರೆದು, ಅಲ್ಲಿನ ಪದ್ಧತಿ ಬೇರೆ ಎಂದು ಮುನ್ನುಡಿಯಲ್ಲಿ ಒಂದು ಸಾಲು ಹೇಳುವುದು ಮೇಲು. ಇಂಗ್ಲಿಷ್ ಸಾಹಿತ್ಯದ ಪಾಠ ಮಾಡುವವರೂ ಈ ಒಂದು ನಿಮಿಷದ ವಿವರಣೆಯನ್ನು ಬಿಡದಿದ್ದರೆ ತರಗತಿಯಲ್ಲಿ ಏಳುವ ನಗೆ ತಪ್ಪುತ್ತದೆ.

ನೆಫ್ಯೂ ಮತ್ತು ನೀಸ್

ಇಲ್ಲಿ ಹೇಳುವವರ ಲಿಂಗ ಮುಖ್ಯವಾಗುತ್ತದೆ. ಗಂಡಸಿಗೆ ತನ್ನ ಅಣ್ಣತಮ್ಮಂದಿರ ಮಕ್ಕಳು ಮಗ, ಮಗಳು. ಅಕ್ಕತಂಗಿಯರ ಮಕ್ಕಳು ಸೋದರಳಿಯ, ಸೋದರಸೊಸೆ. ಹೆಂಗಸಿಗೆ ಇದು ತಿರುಗುಮುರುಗು: ಅಕ್ಕತಂಗಿಯರ ಮಕ್ಕಳು ಮಗ, ಮಗಳು, ಅಣ್ಣತಮ್ಮಂದಿರ ಮಕ್ಕಳು ಸೋದರಳಿಯ, ಸೋದರಸೊಸೆ. ಆಡುಮಾತಿನಲ್ಲಿ 'ಸೋದರ' ಬಿಟ್ಟುಹೋಗಿ ಅಳಿಯ, ಸೊಸೆ ಎಂದಷ್ಟೇ ಉಳಿಯುತ್ತದೆ. ಆಗ ಮಗಳ ಗಂಡನೋ ತಂಗಿಯ ಮಗನೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಇತಿಹಾಸದ ಪಠ್ಯದಲ್ಲಿ ಈ ಎರಡೂ ಅರ್ಥಗಳು ಎದುರಾಗುತ್ತವೆ. 1565ರ ರಕ್ಕಸತಂಗಡಿ ಯುದ್ಧದಲ್ಲಿ ಮಡಿದ ಅಳಿಯ ರಾಮರಾಯನು ಕೃಷ್ಣದೇವರಾಯನ ಮಗಳ ಗಂಡ. ಆದರೆ ಕರಾವಳಿಯ 'ಅಳಿಯಸಂತಾನ' ಪದ್ಧತಿಯಲ್ಲಿ ಅಳಿಯ ಎಂದರೆ ಸೋದರಿಯ ಮಗ. ಅಲ್ಲಿ ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಮದರಾಸು ಪ್ರಾಂತ್ಯದಲ್ಲಿ ಇದಕ್ಕಾಗಿ 1949ರಲ್ಲಿ ಪ್ರತ್ಯೇಕ ಕಾಯಿದೆಯೂ ಬಂದಿತು. ಉತ್ತರ ಕರ್ನಾಟಕದ ವಿದ್ಯಾರ್ಥಿಗಳು ಅಳಿಯಸಂತಾನವೆಂದರೆ ಮಗಳ ಗಂಡನಿಗೆ ಆಸ್ತಿ ಕೊಡುವ ಪದ್ಧತಿ ಎಂದು ಉತ್ತರ ಬರೆಯುವುದು ಸಾಮಾನ್ಯ, ಮತ್ತು ಅದರಲ್ಲಿ ಅವರ ತಪ್ಪು ಹೆಚ್ಚಿಲ್ಲ.

ಬ್ರದರ್-ಇನ್-ಲಾ, ಸಿಸ್ಟರ್-ಇನ್-ಲಾ

ಅಕ್ಕನ ಗಂಡ, ಗಂಡನ ಅಣ್ಣ, ಹೆಂಡತಿಯ ಅಣ್ಣ ಇವರೆಲ್ಲರೂ ಭಾವ. ಗಂಡನ ತಮ್ಮ ಮೈದುನ. ಹೆಂಡತಿಯ ತಮ್ಮ ಭಾವಮೈದುನ. ಆಡುಮಾತಿನಲ್ಲಿ ಅದು ಬಾಮೈದ ಎಂದಾಗುತ್ತದೆ. ಅಣ್ಣನ ಹೆಂಡತಿ ಅತ್ತಿಗೆ, ಗಂಡನ ತಂಗಿಯೂ ಹೆಂಡತಿಯ ತಂಗಿಯೂ ನಾದಿನಿ. ಗಂಡನ ಅಣ್ಣತಮ್ಮಂದಿರ ಹೆಂಡತಿಯರು ಪರಸ್ಪರ ಓರಗಿತ್ತಿಯರು ಅಥವಾ ನೆಗೆಣ್ಣಿಯರು. ಅಕ್ಕತಂಗಿಯರನ್ನು ಮದುವೆಯಾದ ಗಂಡಸರು ಪರಸ್ಪರ ಷಡ್ಡಕರು. ಕೊನೆಯ ಈ ಎರಡು ಸಂಬಂಧಗಳಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲದ್ದರಿಂದ ದಕ್ಷಿಣ ಭಾರತದವರು 'ಕೋ-ಸಿಸ್ಟರ್', 'ಕೋ-ಬ್ರದರ್' ಎಂಬ ಪದಗಳನ್ನು ತಾವೇ ಕಟ್ಟಿಕೊಂಡಿದ್ದಾರೆ. ಇಂಗ್ಲೆಂಡಿನವರಿಗೆ ಅವು ಅರ್ಥವಾಗುವುದಿಲ್ಲ. ನಮ್ಮಲ್ಲಿ ಅವಿಲ್ಲದೆ ಮದುವೆಯ ಆಮಂತ್ರಣ ಪತ್ರಿಕೆ ನಡೆಯದು.

ಜಮಖಂಡಿ-ಮುಧೋಳ ಭಾಗದ ಪದಗಳು

ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳಿದರು. ಈ ಎರಡೂ ಮರಾಠಾ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಪ್ರದೇಶವು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ವಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ದರ್ಬಾರು, ವ್ಯಾಪಾರ ಮತ್ತು ಮದುವೆ ಸಂಬಂಧಗಳ ಮೂಲಕ ಮರಾಠಿಯ ಬಂಧುವಾಚಕಗಳು ಇಲ್ಲಿನ ಕನ್ನಡಕ್ಕೆ ಬಂದಿವೆ. ಚಿಕ್ಕಪ್ಪನಿಗೆ ಕಾಕಾ, ಸೋದರಮಾವನಿಗೆ ಮಾಮಾ, ಅಣ್ಣನ ಹೆಂಡತಿಗೆ ವೈನಿ ಎಂಬ ಪದಗಳು ಮನೆಮಾತಾಗಿವೆ. ಅವುಗಳ ಪಕ್ಕದಲ್ಲೇ ಅಚ್ಚಕನ್ನಡದ ಅವ್ವ, ದೊಡ್ಡವ್ವ, ಚಿಗವ್ವ, ಸಣ್ಣವ್ವ, ನೆಗೆಣ್ಣಿ, ಬೀಗತಿ ಎಂಬ ಪದಗಳೂ ಉಳಿದುಕೊಂಡಿವೆ. ಪದದ ಕೊನೆಯ ಎಕಾರವು ಇಕಾರವಾಗುವುದರಿಂದ ಅತ್ತೆ ಅತ್ತಿಯಾಗುತ್ತಾಳೆ, ಸೊಸೆ ಸೊಸಿಯಾಗುತ್ತಾಳೆ.

ಹೊರಗಿನವರನ್ನು ಅತ್ಯಂತ ಹೆಚ್ಚು ದಾರಿ ತಪ್ಪಿಸುವ ಪದಗಳು ಅಜ್ಜ-ಅಜ್ಜಿಯರಿಗೆ ಸಂಬಂಧಿಸಿದವು. ಇಲ್ಲಿ 'ಮುತ್ಯಾ' ಎಂದರೆ ಅಜ್ಜ. ಮುತ್ತಜ್ಜ, ಮುತ್ತಾತ ಎಂಬ ಪದಗಳ ಹೋಲಿಕೆಯಿಂದ ಅಜ್ಜನ ತಂದೆ ಎಂದು ಭಾವಿಸಿದರೆ ಒಂದು ತಲೆಮಾರು ತಪ್ಪುತ್ತದೆ. 'ಆಯಿ' ಎಂಬುದು ಮರಾಠಿಯಲ್ಲಿ ತಾಯಿ. ಈ ಭಾಗದ ಕನ್ನಡದಲ್ಲಿ ಅಜ್ಜಿ. ಕೆಲವು ಮನೆಗಳಲ್ಲಿ 'ಅಮ್ಮ' ಎಂದರೂ ಅಜ್ಜಿಯೇ. ತಾಯಿಯನ್ನು ಕರೆಯುವುದು 'ಅವ್ವ' ಎಂದು. ಬೆಂಗಳೂರಿನ ಪಠ್ಯಪುಸ್ತಕದಲ್ಲಿ 'ಅಮ್ಮ ಅಡುಗೆ ಮಾಡುತ್ತಾಳೆ' ಎಂಬರ್ಥದ ವಾಕ್ಯವನ್ನು ಓದಿದ ಒಂದನೆಯ ತರಗತಿಯ ಮಗು ಅಜ್ಜಿಯ ಚಿತ್ರ ಬರೆದರೆ ಅದನ್ನು ತಪ್ಪೆನ್ನಲಾಗದು. ಇನ್ನೊಂದು ಪದ 'ಅಕ್ಕೋರು'. ನೋಡಲು ಅಕ್ಕ ಎಂಬುದರ ಗೌರವರೂಪದಂತಿದ್ದರೂ ಉತ್ತರ ಕರ್ನಾಟಕದಲ್ಲಿ ಅದರ ಅರ್ಥ ಶಾಲೆಯ ಶಿಕ್ಷಕಿ.

ಅಕ್ಕನ ಗಂಡನನ್ನು ಭಾವ ಎನ್ನದೆ 'ಮಾಮಾ' ಎಂದು ಕರೆಯುವ ಮನೆಗಳೂ ಇವೆ. ಅಕ್ಕನನ್ನು ಸೋದರಮಾವನಿಗೇ ಕೊಟ್ಟಿದ್ದರೆ ಆತನು ಮೊದಲೇ ಮಾಮಾ ಆಗಿರುತ್ತಾನೆ. ಹೀಗೆ ಒಬ್ಬರೇ ಎರಡು ದಾರಿಯಿಂದ ಬಂಧುಗಳಾದಾಗ ಯಾವ ಪದದಿಂದ ಕರೆಯಬೇಕೆಂಬುದನ್ನು ಸಾಮಾನ್ಯವಾಗಿ ಮೊದಲಿನ ಸಂಬಂಧ, ಕೆಲವೊಮ್ಮೆ ಮನೆಯ ಹಿರಿಯರು ನಿರ್ಧರಿಸುತ್ತಾರೆ. ಯಾವ ನಿಘಂಟಿನಲ್ಲೂ ಇದು ಸಿಗುವುದಿಲ್ಲ.

ಸ್ಪ್ಯಾನಿಷ್ ಮತ್ತು ಲ್ಯಾಟಿನ್ ಭಾಷೆಗಳೊಡನೆ ಹೋಲಿಕೆ

ಒಂದು ಇಂಗ್ಲಿಷ್ ನಾಮಪದಕ್ಕೆ ಹಲವು ಪದಗಳಿಂದ ಆರಿಸಬೇಕಾದ ತೊಡಕು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಸ್ಪ್ಯಾನಿಷ್ ಕಲಿಯುವವರು 'ಫಿಶ್' ಎಂಬುದಕ್ಕೆ ನೀರಿನಲ್ಲಿರುವ ಮೀನಾದರೆ 'ಪೆಸ್' ಎಂದೂ, ಹಿಡಿದು ಅಡುಗೆಗೆ ತಂದದ್ದಾದರೆ 'ಪೆಸ್ಕಾದೊ' ಎಂದೂ ಹೇಳಬೇಕು. 'ಕಾರ್ನರ್' ಎಂಬುದು ಕೋಣೆಯ ಒಳಮೂಲೆಯಾದರೆ 'ರಿಂಕೋನ್', ಬೀದಿಯ ಹೊರಮೂಲೆಯಾದರೆ 'ಎಸ್ಕಿನಾ'. ಭತ್ತ, ಅಕ್ಕಿ, ಅನ್ನ ಎಂಬ ಮೂರನ್ನೂ ಇಂಗ್ಲಿಷ್ 'ರೈಸ್' ಎಂಬ ಒಂದೇ ಪದದಲ್ಲಿ ಮುಗಿಸುವುದು ನಮಗೆ ಎಷ್ಟು ವಿಚಿತ್ರವೋ ಅವರಿಗೆ ಇದೂ ಅಷ್ಟೇ.

ಬಂಧುವಾಚಕಗಳಲ್ಲಿ ಸ್ಪ್ಯಾನಿಷ್ ಭಾಷೆಯು ಇಂಗ್ಲಿಷಿಗೂ ಕನ್ನಡಕ್ಕೂ ನಡುವೆ ನಿಲ್ಲುತ್ತದೆ. ಅಂಕಲ್ ಎಂಬುದಕ್ಕೆ 'ತಿಯೊ', ಆಂಟಿಗೆ 'ತಿಯಾ' ಎಂದರೆ ಮುಗಿಯಿತು. ಯಾವ ಕಡೆಯ ಸಂಬಂಧವೆಂದು ಅದು ಕೇಳುವುದಿಲ್ಲ. ಸ್ಪೇನಿನ ಯುವಕರು ಗೆಳೆಯನನ್ನೂ 'ತಿಯೊ' ಎಂದು ಕರೆಯುತ್ತಾರೆ, ನಮ್ಮ 'ಮಾವಾ' ಇದ್ದಂತೆ. ಕಸಿನ್ ವಿಷಯದಲ್ಲಿ ಗಂಡಾದರೆ 'ಪ್ರಿಮೊ', ಹೆಣ್ಣಾದರೆ 'ಪ್ರಿಮಾ' ಎಂಬ ಒಂದೇ ಭೇದ. ಆದರೆ ಇಂಗ್ಲಿಷಿನಲ್ಲಿ ಇಲ್ಲದ ಎರಡು ಪದಗಳು ಸ್ಪ್ಯಾನಿಷ್‌ನಲ್ಲಿವೆ. ಮಗಳ ಅಥವಾ ಮಗನ ಮಾವನಿಗೆ 'ಕೊನ್‌ಸುಯೆಗ್ರೊ' ಎನ್ನುತ್ತಾರೆ. ಅದು ನಮ್ಮ 'ಬೀಗ'. ಷಡ್ಡಕನಿಗೆ 'ಕೊನ್‌ಕುನ್ಯಾದೊ', ನೆಗೆಣ್ಣಿಗೆ 'ಕೊನ್‌ಕುನ್ಯಾದಾ' ಎಂಬ ಪದಗಳಿವೆ. 'ಬೀಗರು ಬಂದಿದ್ದಾರೆ' ಎಂಬ ವಾಕ್ಯವನ್ನು ಇಂಗ್ಲಿಷಿಗೆ ತರಲು ಅರ್ಧ ಸಾಲಿನ ವಿವರಣೆ ಬೇಕು. ಸ್ಪ್ಯಾನಿಷ್‌ಗೆ ತರಲು ಒಂದು ಪದ ಸಾಕು.

ಇಂಗ್ಲಿಷಿನಲ್ಲಿಯೂ ಈ ಬಡತನ ಮೊದಲಿನಿಂದ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ತಂದೆಯ ಸೋದರನಿಗೂ ತಾಯಿಯ ಸೋದರನಿಗೂ ಬೇರೆ ಬೇರೆ ಪದಗಳಿದ್ದವು. ಲ್ಯಾಟಿನ್‌ನಲ್ಲಿ ತಂದೆಯ ಸೋದರನು 'ಪತ್ರುಉಸ್', ತಾಯಿಯ ಸೋದರನು 'ಅವುಂಕುಲುಸ್'. ತಂದೆಯ ಸೋದರಿ 'ಅಮಿತಾ', ತಾಯಿಯ ಸೋದರಿ 'ಮಾತೆರ್ತೆರಾ'. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ 'ಅಂಕಲ್' ಹುಟ್ಟಿದ್ದು ಅವುಂಕುಲುಸ್‌ನಿಂದ, 'ಆಂಟ್' ಹುಟ್ಟಿದ್ದು ಅಮಿತಾದಿಂದ. ಪದದ ಮೂಲವನ್ನು ಮಾತ್ರ ಹಿಡಿದರೆ ಅಂಕಲ್ ಎಂದರೆ ಸೋದರಮಾವ, ಆಂಟ್ ಎಂದರೆ ಸೋದರತ್ತೆ ಎಂದಾಯಿತು. ಸ್ವೀಡಿಷ್ ಭಾಷೆಯು ಇಂದಿಗೂ ಈ ಭೇದವನ್ನು ಕಾಪಾಡಿಕೊಂಡಿದೆ: ತಂದೆಯ ಸೋದರ 'ಫಾರ್‌ಬ್ರೂರ್', ತಾಯಿಯ ಸೋದರ 'ಮೂರ್‌ಬ್ರೂರ್'.

ಅಧ್ಯಯನ

ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ಬಂಧುತ್ವ ಪದ್ಧತಿಗಳ ಬೃಹತ್ ಗ್ರಂಥದಲ್ಲಿ ತಮಿಳು, ತೆಲುಗು, ಕನ್ನಡಗಳ ಬಂಧುವಾಚಕಗಳ ಪಟ್ಟಿಯೂ ಸೇರಿದೆ. ಇರಾವತಿ ಕರ್ವೆಯವರ 'ಕಿನ್‌ಶಿಪ್ ಆರ್ಗನೈಸೇಶನ್ ಇನ್ ಇಂಡಿಯಾ' (1953) ಮತ್ತು ಥಾಮಸ್ ಟ್ರಾಟ್‌ಮನ್ ಅವರ 'ದ್ರಾವಿಡಿಯನ್ ಕಿನ್‌ಶಿಪ್' (1981) ಈ ಕ್ಷೇತ್ರದ ಮುಖ್ಯ ಗ್ರಂಥಗಳು. ಕರ್ವೆಯವರು ಭಾರತವನ್ನು ಬಂಧುತ್ವದ ದೃಷ್ಟಿಯಿಂದ ವಲಯಗಳಾಗಿ ವಿಂಗಡಿಸಿ, ಮಹಾರಾಷ್ಟ್ರವನ್ನು ಮಧ್ಯವಲಯದಲ್ಲೂ ಕರ್ನಾಟಕವನ್ನು ದಕ್ಷಿಣ ವಲಯದಲ್ಲೂ ಇರಿಸಿದರು. ಆ ಗೆರೆಯ ಹತ್ತಿರವೇ ಜಮಖಂಡಿ, ಮುಧೋಳಗಳಿವೆ. ಕನ್ನಡ ಪದಗಳ ಹಳೆಯ ಅರ್ಥಗಳಿಗೆ ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇಂದಿಗೂ ಉಪಯುಕ್ತ.

ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ಬಳಸುವ ವಿದ್ಯಾರ್ಥಿಗಳು ಒಂದು ಸಂಗತಿಯನ್ನು ಗಮನ-ದಲ್ಲಿಡಬೇಕು. 'ಅಂಕಲ್' ಎಂಬುದರ ಎದುರು 'ಚಿಕ್ಕಪ್ಪ, ದೊಡ್ಡಪ್ಪ, ಮಾವ' ಎಂದು ಅಲ್ಪವಿರಾಮಗಳಿಂದ ಜೋಡಿಸಿ ಕೊಟ್ಟಿದ್ದರೆ ಅವು ಪರ್ಯಾಯ ಪದಗಳೆಂದು ತಿಳಿಯಬಾರದು. ಅವು ಬೇರೆ ಬೇರೆ ವ್ಯಕ್ತಿಗಳು. ಪಟ್ಟಿಯ ಮೊದಲ ಪದವನ್ನು ಎತ್ತಿಕೊಳ್ಳುವ ಅಭ್ಯಾಸದಿಂದಲೇ ಅನುವಾದಿತ ಲೇಖನಗಳಲ್ಲಿ ಎಲ್ಲರೂ ಚಿಕ್ಕಪ್ಪಂದಿರಾಗಿರುವುದು.

ಕಾನೂನು ಮತ್ತು ದಾಖಲೆಗಳಲ್ಲಿ

ಬಂಧುವಾಚಕದ ಆಯ್ಕೆ ಕತೆ-ಕಾದಂಬರಿಗಳಿಗಿಂತ ಹೆಚ್ಚಾಗಿ ಜನರನ್ನು ತಟ್ಟುವುದು ಕಚೇರಿಯ ಕಾಗದಗಳಲ್ಲಿ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಅನುಸೂಚಿಯು 'ಅಂಕಲ್' ಎಂಬ ಪದವನ್ನು ಬಳಸದೆ ತಂದೆಯ ಸೋದರ, ತಾಯಿಯ ಸೋದರ ಎಂದು ಬಿಡಿಸಿ ಹೇಳುತ್ತದೆ. ಎರಡನೆಯ ವರ್ಗದ ವಾರಸುದಾರರಲ್ಲಿ ತಂದೆಯ ಸೋದರ-ಸೋದರಿಯರು 7ನೆಯ ಕ್ರಮದಲ್ಲೂ ತಾಯಿಯ ಸೋದರ-ಸೋದರಿಯರು 9ನೆಯ ಕ್ರಮದಲ್ಲೂ ಬರುತ್ತಾರೆ. ಮೇಲಿನ ಕ್ರಮದವರಿದ್ದರೆ ಕೆಳಗಿನವರಿಗೆ ಹಕ್ಕಿಲ್ಲ. ಆದ್ದರಿಂದ ಇಂಗ್ಲಿಷ್ ಅರ್ಜಿಯಲ್ಲಿ 'ಅಂಕಲ್' ಎಂದು ಬರೆದುದನ್ನು ಚಿಕ್ಕಪ್ಪ ಎಂದೋ ಮಾವ ಎಂದೋ ಊಹಿಸಿ ಅನುವಾದಿಸಿದರೆ ಹಕ್ಕಿನ ಸರದಿಯೇ ಬದಲಾಗುತ್ತದೆ.

1955ರ ಹಿಂದೂ ವಿವಾಹ ಅಧಿನಿಯಮದ ಭಾಷೆ ಬೇರೆ. ನಿಷಿದ್ಧ ಸಂಬಂಧಗಳನ್ನು ಹೇಳುವಾಗ ಅದು 'ಅಂಕಲ್' ಮತ್ತು 'ನೀಸ್' ಎಂಬ ಪದಗಳನ್ನು ಬಳಸುತ್ತದೆ, ಅಣ್ಣತಂಗಿಯರ ಮಕ್ಕಳ ಮದುವೆಯನ್ನೂ ಅಣ್ಣತಮ್ಮಂದಿರ ಮಕ್ಕಳ ಮದುವೆಯನ್ನೂ ಒಂದೇ ಸಾಲಿನಲ್ಲಿ ನಿಷೇಧಿಸುತ್ತದೆ. ಕನ್ನಡದ ವರಸೆಗೆ ಇವೆರಡೂ ಎಂದೂ ಒಂದಲ್ಲ. ಆದರೆ ಎರಡೂ ಕಡೆಯವರ ರೂಢಿ ಅಥವಾ ಸಂಪ್ರದಾಯವು ಒಪ್ಪಿದ್ದರೆ ಅಂಥ ಮದುವೆಗೆ ಅಡ್ಡಿಯಿಲ್ಲ ಎಂದು ಅದೇ ಅಧಿನಿಯಮದ 5ನೆಯ ಕಲಂ ಹೇಳುತ್ತದೆ. ದಕ್ಷಿಣದ ಸೋದರಸಂಬಂಧದ ಮದುವೆಗಳು ಈ ವಿನಾಯಿತಿಯ ಆಶ್ರಯದಲ್ಲಿವೆ.

ಬೀಳಗಿ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳ್ಳಿಗಳೂ ಹೊಲಗಳೂ ಮುಳುಗಡೆಯಾಗಿವೆ. ಪರಿಹಾರಕ್ಕಾಗಿ, ಪುನರ್ವಸತಿ ನಿವೇಶನಕ್ಕಾಗಿ, ಉತಾರದಲ್ಲಿ ವಾರಸಾ ಹೆಸರು ಸೇರಿಸುವುದಕ್ಕಾಗಿ ಕುಟುಂಬಗಳು ವಂಶವೃಕ್ಷವನ್ನು ಒದಗಿಸಬೇಕಾಗುತ್ತದೆ. ಮನೆಯಲ್ಲಿ ದೊಡ್ಡಪ್ಪನ ಮಗನನ್ನು 'ನಮ್ಮ ಅಣ್ಣ' ಎನ್ನುವುದು ಸಹಜ. ಕಾಗದದಲ್ಲಿ 'ಅಣ್ಣ' ಎಂದಷ್ಟೇ ಬರೆದರೆ ಓದುವವರು ಒಡಹುಟ್ಟಿದ ಅಣ್ಣನೆಂದು ತಿಳಿಯುತ್ತಾರೆ, ಒಂದು ಪಾಲು ಹೆಚ್ಚಾಗುತ್ತದೆ ಅಥವಾ ಕಡಿಮೆಯಾಗುತ್ತದೆ. 'ಮುತ್ಯಾ' ಎಂಬುದನ್ನು ಹೊರಗಿನ ಬರಹಗಾರರು ಮುತ್ತಜ್ಜ ಎಂದು ತಿದ್ದಿದರೂ ಇದೇ ತೊಂದರೆ. ಹೀಗಾಗಿ ದಾಖಲೆಗಳಲ್ಲಿ ಕರೆಯುವ ಪದವನ್ನು ಬಿಟ್ಟು 'ತಂದೆಯ ಅಣ್ಣನ ಮಗ', 'ತಾಯಿಯ ತಮ್ಮ', 'ತಂದೆಯ ತಂದೆ' ಎಂದು ಬಿಡಿಸಿ ಬರೆಯುವುದು ರೂಢಿಯಾಗಿದೆ. ವಂಶವೃಕ್ಷವನ್ನು ಇಂಗ್ಲಿಷಿಗೆ ಅನುವಾದ ಮಾಡಿಸುವವರೂ 'ಕಸಿನ್', 'ಗ್ರ್ಯಾಂಡ್‌ಫಾದರ್' ಎಂಬ ಪದಗಳಲ್ಲಿ ನಿಲ್ಲದೆ, ಆ ಬಿಡಿಸಿದ ರೂಪವನ್ನೇ ಇಂಗ್ಲಿಷಿನಲ್ಲಿಯೂ ಉಳಿಸಿಕೊಳ್ಳಬೇಕು.